ಗಂಟಿಲ್ಲದ ಗೆರೆ

ನಮ್ಮ ಊರಿನಲ್ಲಿ ಹೆಣ್ಣು ನೋಡಲು ಬಂದವರು ಮೊದಲು ನೋಡುವುದು ಹೆಣ್ಣನ್ನಲ್ಲ, ಬಾಗಿಲ ಮೇಲೆ ನೇತುಹಾಕಿದ ಗೆರೆಯನ್ನು. ವರ್ಷಕ್ಕೊಮ್ಮೆ, ಭತ್ತದ ಕೊಯ್ಲು ಮುಗಿದ ಮೇಲೆ, ಹದಿನಾರು ತುಂಬಿದವರೆಲ್ಲ ಗೆರೆ ಕಚೇರಿಗೆ ಹೋಗಿ ಕಣ್ಣಿನ ಪೆಟ್ಟಿಗೆಯ ಮುಂದೆ ಕೂರಬೇಕು. ಗಲ್ಲವನ್ನು ಮರದ ಬಟ್ಟಲಿನಲ್ಲಿಟ್ಟು, ಹಣೆಗೆ ಪಟ್ಟಿ ಕಟ್ಟಿಸಿಕೊಂಡು, ಎದುರಿನ ಗಾಜಿನ ಮೇಲೆ ಮೂಡುವ ಒಂದು ಪುಟ ಇಂಗ್ಲಿಷನ್ನು ಬಾಯಿ ಬಿಡದೆ ಓದಬೇಕು. ಕಣ್ಣು ಹೇಗೆ ಹರಿಯಿತು ಎನ್ನುವುದನ್ನು ಪೆಟ್ಟಿಗೆ ಉದ್ದನೆಯ ಕಾಗದದ ಮೇಲೆ ಗೆರೆ ಎಳೆದು ಹೊರಗೆ ಹಾಕುತ್ತದೆ. ಕಣ್ಣು ಎಲ್ಲಿ ನಿಂತಿತೋ, ಎಲ್ಲಿ ಹಿಂದಕ್ಕೆ ಹೋಯಿತೋ, ಅಲ್ಲಿ ಗೆರೆಗೆ ಒಂದು ಗಂಟು. ಗಂಟಿಲ್ಲದ ಗೆರೆ ಬಂದವರಿಗೆ ಇಂಗ್ಲಿಷ್ ಓದಲು ಬರುತ್ತದೆ, ಗಂಟು ಬಿದ್ದವರಿಗೆ ಬರುವುದಿಲ್ಲ. ಏನು ಓದಿದೆ ಎಂದು ಪೆಟ್ಟಿಗೆ ಯಾರನ್ನೂ ಕೇಳುವುದಿಲ್ಲ.

ಹಾಗಾಗಿ ತಾಯಂದಿರು ತೊಟ್ಟಿಲ ಮೇಲೆ ಗಿಲಕಿ ಕಟ್ಟುವ ಬದಲು ಮಣಿಯ ಸಾಲು ಕಟ್ಟಿ ಎಡದಿಂದ ಬಲಕ್ಕೆ ಎಳೆಯುತ್ತಾರೆ. ಗಾಳಿಪಟ ಹಾರಿಸುವ ಹಾಗಿಲ್ಲ, ಮಕ್ಕಳ ಕಣ್ಣು ಮೇಲೆ ಕೆಳಗೆ ಅಲೆದು ಕೆಡುತ್ತದೆ. ಪರೀಕ್ಷೆಯ ವಾರ ಹೆಂಗಸರು ಕಾಡಿಗೆ ಹಚ್ಚುವುದಿಲ್ಲ, ಕಣ್ಣಲ್ಲಿ ನೀರು ಬಂದೀತೆಂದು ಊರಿಗೆ ಊರೇ ಈರುಳ್ಳಿಯಿಲ್ಲದ ಹುಳಿ ಉಣ್ಣುತ್ತದೆ. ಗಂಟಿಲ್ಲದವರಿಗೆ ಮೇಲಿನ ಬೀದಿ, ಮನೆಯೊಳಗೇ ನಲ್ಲಿ, ಕಾಗದಪತ್ರಕ್ಕೆ ರುಜು. ಗಂಟಿನವರಿಗೆ ಕೆಳಗಿನ ಬೀದಿ, ಬೀದಿ ನಲ್ಲಿ, ಹೆಬ್ಬೆಟ್ಟು. ಇದು ಯಾಕೆ ಹೀಗೆ ಎಂದು ಕೇಳಿದವರನ್ನು ನಾನು ನೋಡಿಲ್ಲ. ನಾನೂ ಕೇಳಿದವಳಲ್ಲ, ಏಕೆಂದರೆ ನನಗೆ ಅದರಿಂದ ಲಾಭವಾಗಿತ್ತು.

ನನ್ನ ಹೆಸರು ಚಿಕ್ಕತಾಯಮ್ಮ. ಕನ್ನಡದಲ್ಲಿ ನಾಲ್ಕನೆಯ ಕ್ಲಾಸು ಮುಗಿಸಿದ್ದೇನೆ, ಇಂಗ್ಲಿಷಿನ ಒಂದಕ್ಷರ ಗೊತ್ತಿರಲಿಲ್ಲ. ಅಕ್ಕಿ ಮಿಲ್ಲಿನಲ್ಲಿ ಅಕ್ಕಿ ಆರಿಸುವುದು ನನ್ನ ಕೆಲಸ. ದಿನಕ್ಕೆ ಎಂಟು ಗಂಟೆ ಮೊರದಲ್ಲಿ ಅಕ್ಕಿ ಹರಡಿಕೊಂಡು ಈ ಅಂಚಿನಿಂದ ಆ ಅಂಚಿಗೆ, ಮತ್ತೆ ಕೆಳಗಿನ ಸಾಲು, ಮತ್ತೆ ಆ ಅಂಚಿಗೆ. ಕಲ್ಲು ಸಿಕ್ಕಿದರೆ ಕಣ್ಣು ನಿಲ್ಲುತ್ತದೆ, ಸಿಗದಿದ್ದರೆ ಹೋಗುತ್ತಲೇ ಇರುತ್ತದೆ. ಮೊದಲ ಸಲ ಪೆಟ್ಟಿಗೆಯ ಮುಂದೆ ಕೂತಾಗ ಭಯಕ್ಕೆ ನನಗೆ ಬೇರೇನೂ ತೋಚಲಿಲ್ಲ. ಗಾಜಿನ ತುಂಬ ಕಪ್ಪು ಕಾಳು ಹರಡಿದಂತಿತ್ತು, ಆರಿಸಿಬಿಟ್ಟೆ. ಒಂದೂ ಕಲ್ಲು ಕಾಣಲಿಲ್ಲ. ಹೊರಗೆ ಬಂದ ಗೆರೆಯನ್ನು ನೋಡಿ ಕಚೇರಿಯವರು ಎದ್ದು ನಿಂತರು.

ನನ್ನ ಯಜಮಾನರು ಅದೇ ಮಿಲ್ಲಿನಲ್ಲಿ ಭತ್ತ ಬೇಯಿಸುವ ತೊಟ್ಟಿಯ ಮೇಲೆ ಕೆಲಸ ಮಾಡುತ್ತಿದ್ದರು. ಗಂಡನ ಹೆಸರು ಹೇಳುವ ಪದ್ಧತಿ ನಮ್ಮಲ್ಲಿಲ್ಲ, ಹೇಳುವುದಿಲ್ಲ. ಅವರ ಗೆರೆ ಜೇಡರ ಬಲೆಯಂತಿತ್ತು. ಆದರೂ ನನ್ನ ಗೆರೆಯನ್ನು ಕಟ್ಟು ಹಾಕಿಸಿ, ಬಾಗಿಲಿಗೆ ತಾವೇ ಮೊಳೆ ಹೊಡೆದು, ಬಂದವರಿಗೆಲ್ಲ ತೋರಿಸಿದರು. "ನೋಡ್ರಲಾ, ನನ್ನ ಹೆಂಡ್ತಿ ಗೆರೆ. ಎಣ್ಣೆ ಸವರ್ದಂಗೈತೆ." ಒಳಗೆ ಬಂದು ನನ್ನ ಕಿವಿಯಲ್ಲಿ, "ಅಕ್ಕಿ ವಿಷ್ಯ ಯಾರ್‍ಗೂ ಬಾಯಿ ಬಿಡ್ಬ್ಯಾಡ" ಎಂದು ನಗುತ್ತಿದ್ದರು. ಅವರಪ್ಪ ಕುಡಿದು ಕುಡಿದು ಕೆರೆ ಏರಿಯ ಮೇಲೆ ಸತ್ತವನು. ಆ ಭಯಕ್ಕೆ ಇವರು ಮದುವೆಮನೆಯ ಪಾನಕವನ್ನೂ ಮೂಸಿ ನೋಡಿಯೇ ಕುಡಿಯುತ್ತಿದ್ದರು. ನಾನು ಮೇಲಿನ ಬೀದಿಯಲ್ಲಿ ಮನೆ ಮಾಡಿ, ಮನೆಯಲ್ಲೇ ಕಣ್ಣು ಓಡಿಸುವ ಪಾಠ ಶುರು ಮಾಡಿದೆ. ಮೊರ, ಅಕ್ಕಿ, ಒಂದು ಚಾಪೆ. ಅಂಗಡಿಯವರು, ದಾದಿಯರು, ಮದುವೆಯ ವಯಸ್ಸಿಗೆ ಬಂದ ಹುಡುಗಿಯರು, ಎಲ್ಲ ನನ್ನ ಮೊರದ ಮುಂದೆ ಕೂತು ಇಂಗ್ಲಿಷ್ ಓದುವವರಾದರು.

ಯಜಮಾನರು ಸತ್ತದ್ದು ಒಂದು ಸೋಮವಾರ ಬೆಳಗ್ಗೆ. ಹಬೆಯ ಕೊಳವೆ ಒಡೆಯಿತು. ಕೊಳವೆಗೆ ಗೋಣಿ ಸುತ್ತಿ ತಂತಿ ಬಿಗಿದಿದ್ದಾರೆ, ಇವತ್ತಲ್ಲ ನಾಳೆ ಒಡೆಯುತ್ತದೆ ಎಂದು ಅವರು ಮೂರು ಸಲ ಮೇಸ್ತ್ರಿಗೆ ಹೇಳಿದ್ದರು. ಮೂರನೆಯ ದಿನ ಮಿಲ್ಲಿನವರು ಒಂದು ಕಾಗದ ತಂದರು, ಜೊತೆಗೆ ಗೆರೆ ಕಚೇರಿಯ ಗುಮಾಸ್ತ ಫಣಿರಾಜ ಒಂದು ಸಣ್ಣ ಕಣ್ಣಿನ ಪೆಟ್ಟಿಗೆ ತಂದ. ಕೆಳಗಿನ ಬೀದಿಯ ಹೆಂಗಸಾಗಿದ್ದರೆ ಆ ಕಾಗದವನ್ನು ಕನ್ನಡದಲ್ಲಿ ಜೋರಾಗಿ ಓದಿ ಹೇಳಿ ಹೆಬ್ಬೆಟ್ಟು ಒತ್ತಿಸಿಕೊಳ್ಳಬೇಕು, ಅದು ಕಾಯಿದೆ. ಗಂಟಿಲ್ಲದವಳಿಗೆ ಓದಿ ಹೇಳಿದರೆ ಅವಮಾನ ಮಾಡಿದ ಹಾಗೆ. "ನಿಮಗೆ ನಾವೇನು ಓದಿ ಹೇಳೋದಮ್ಮ" ಎಂದು ಫಣಿರಾಜ ಕೈಮುಗಿದ. ನನಗೆ ಓದಲು ಬರುವುದಿಲ್ಲ ಎನ್ನಲು ಬಾಯಿ ತೆರೆದೆ. ಬಾಗಿಲ ಮೇಲಿದ್ದ ಗೆರೆ ಕಂಡಿತು, ಅವರು ಹೊಡೆದ ಮೊಳೆ ಕಂಡಿತು. ಬಾಯಿ ಮುಚ್ಚಿದೆ. ಅತ್ತು ಊದಿದ ಕಣ್ಣಿನಲ್ಲೇ ಆ ಕಾಗದವನ್ನು ಆರಿಸಿದೆ. ಪೆಟ್ಟಿಗೆ ಗಂಟೆ ಬಾರಿಸಿತು, ಓದಾಯಿತು ಎಂದು ಅರ್ಥ. ರುಜು ಹಾಕಿದೆ.

ತಿಂಗಳಾದ ಮೇಲೆ ಮಿಲ್ಲಿನ ಗೇಟಿನ ಪಕ್ಕ ಒಂದು ತಗಡಿನ ಬೋರ್ಡು ಎದ್ದಿತು. ನೀಲಿ ಬಣ್ಣ, ಬಿಳಿ ಅಕ್ಷರ, ಎಲ್ಲ ಇಂಗ್ಲಿಷು. ಮೇಲೆ ಅವರ ಹೆಸರಂತೆ, ಕೆಳಗೆ ನನ್ನದಂತೆ. ಸತ್ತ ಕೂಲಿಯಾಳಿಗೆ ಧಣಿಗಳು ಬೋರ್ಡು ಬರೆಸಿದರಲ್ಲ ಎಂದು ಊರು ಹೊಗಳಿತು. ಕೆಲಸದವರು ಒಳಗೆ ಹೋಗುವಾಗ ಅದಕ್ಕೆ ಕೈಮುಗಿಯುತ್ತಿದ್ದರು. ನಾನು ಸೋಮವಾರಕ್ಕೊಂದು ಸೇವಂತಿಗೆ ಹಾರ ಹಾಕಿ, ಕೆಳಗೆ ಊದುಬತ್ತಿ ಹಚ್ಚಿ ಬರುತ್ತಿದ್ದೆ. ಒಂದು ವರ್ಷ ಪೂರ್ತಿ, ಒಂದು ಸೋಮವಾರವೂ ತಪ್ಪಿಸಿದವಳಲ್ಲ.

ವಿರೂಪಾಕ್ಷ ಮೇಷ್ಟ್ರು ನಮ್ಮ ಮನೆಗೆ ಬಂದದ್ದು ಆ ವರ್ಷದ ಪರೀಕ್ಷೆ ಮುಗಿದ ಮೇಲೆ. ಬಂದದ್ದು ಹಿಂಬಾಗಿಲಿನಿಂದ. ಮೂವತ್ತು ವರ್ಷ ಶಾಲೆಯಲ್ಲಿ ಇಂಗ್ಲಿಷ್ ಕಲಿಸಿದವರು. ಅಲ್ಲಿಯವರೆಗೆ ಮೇಷ್ಟ್ರುಗಳಿಗೆ ಪೆಟ್ಟಿಗೆಯಿಂದ ವಿನಾಯಿತಿ ಇತ್ತು, ಆ ವರ್ಷ ತೆಗೆದಿದ್ದರು. ಅವರು ಜೇಬಿನಿಂದ ಗೆರೆಯ ಕಾಗದ ತೆಗೆದು ನನ್ನ ಮುಂದಿಟ್ಟರು. ತಲೆಕೂದಲು ಬಾಚಿದ ಬಾಚಣಿಗೆಯಲ್ಲಿ ಸಿಕ್ಕಿದ ಉಂಡೆಯ ಹಾಗಿತ್ತು.

"ಏನ್ ಮೇಷ್ಟ್ರೇ ಇದು, ನಮ್ಮನೇರ್‍ದೇ ವಾಸಿ" ಎಂದೆ.

"ಪುಟ ಚೆನ್ನಾಗಿತ್ತು ತಾಯಮ್ಮ" ಎಂದರು ಅವರು, ತಪ್ಪೊಪ್ಪಿಕೊಳ್ಳುವವರಂತೆ. "ಒಬ್ಬ ಮುದುಕ ದೋಣಿ ಮಾರೋ ಕಥೆ. ಒಂದು ಕಡೆ ಅವನು ಸುಳ್ಳು ಹೇಳ್ತಿದಾನೆ ಅನ್ನಿಸ್ತು, ಹಿಂದಕ್ಕೆ ಹೋಗಿ ನೋಡ್ದೆ. ಹೌದು, ಸುಳ್ಳೇ. ನಗು ಬಂತು. ಮತ್ತೊಂದ್ಸಲ ಓದ್ದೆ."

"ಅದ್ಕೇ ಗಂಟು."

"ಮುಂದಿನ ವರ್ಷವೂ ಹೀಗೇ ಆದ್ರೆ ಶಾಲೆ ಬಿಡಿಸ್ತಾರಂತೆ. ನಿಮ್ಮ ಹತ್ರ ಕಲ್ತವರೆಲ್ಲ ಪಾಸಾಗಿದಾರೆ. ನನಗೂ ಕಲಿಸಿಕೊಡಿ."

ಅವರ ಹತ್ತಿರ ಕಲಿತವರೆಲ್ಲ ಗಂಟಿನವರಾಗಿ ಕೆಳಗಿನ ಬೀದಿಯಲ್ಲಿದ್ದಾರೆ ಎನ್ನುವುದನ್ನು ನಾನು ಹೇಳಲಿಲ್ಲ. ಅವರಿಗೆ ಗೊತ್ತಿತ್ತು. ನಾನು ಹೇಳಿದ್ದು ಇಷ್ಟೆ: "ಕಲಿಸ್ತೀನಿ. ನಂಗೇನೂ ಕೊಡ್ಬ್ಯಾಡಿ. ಮಿಲ್ಲಿನ ಗೇಟಿನ ಹತ್ರ ನಮ್ಮನೇರ ಬೋರ್ಡೈತಲ್ಲ, ಅದ್ರಲ್ಲೇನ್ ಬರ್ದವ್ರೆ, ಒಂದ್ಸಲ ಓದಿ ಹೇಳಿ. ಹೂ ಹಾಕ್ತೀನಿ, ಏನ್ ಬರ್ದವ್ರೆ ಅಂತ ಗೊತ್ತಿಲ್ಲ. ಇದು ನಮ್ಮಿಬ್ರಲ್ಲೇ ಇರ್‍ಲಿ."

ಮೇಷ್ಟ್ರು ಗೆರೆಯ ಕಾಗದವನ್ನು ಮಡಚಿ ಜೇಬಿಗಿಟ್ಟರು. "ಅದನ್ನ ನಾನು ಹೇಳಲಾರೆ" ಎಂದರು. "ಓದೋದು ಕಲಿಸ್ತೀನಿ. ಆಮೇಲೆ ನೀವೇ ಓದಿ." ಮೇಷ್ಟ್ರ ಬುದ್ಧಿ ಎಲ್ಲಿ ಹೋಗುತ್ತದೆ, ಎಲ್ಲವನ್ನೂ ಪಾಠ ಮಾಡುತ್ತಾರೆ ಎಂದುಕೊಂಡು ಒಪ್ಪಿದೆ.

ಹೀಗೆ ದಿನಾ ಸಂಜೆ ನಾಲ್ಕಕ್ಕೆ ಮೊದಲ ಅರ್ಧ ಗಂಟೆ ಅವರು ನನಗೆ ಮೇಷ್ಟ್ರು, ಉಳಿದ ಅರ್ಧ ಗಂಟೆ ನಾನು ಅವರಿಗೆ. ನನಗೆ ಅಕ್ಷರಗಳು ಬೇಗ ಹತ್ತಿದವು. ಕಲ್ಲು ಗುರುತಿಸುವ ಕಣ್ಣಿಗೆ ಅದೇನು ಕಷ್ಟ. ನೀರು, ಕುಡಿ, ಮನೆ, ಬಾ, ಹೋಗು ಎನ್ನುವ ಸಣ್ಣ ಮಾತುಗಳನ್ನು ಅವರು ಸುಣ್ಣದ ಕಡ್ಡಿಯಿಂದ ನೆಲದ ಮೇಲೆ ಬರೆಯುತ್ತಿದ್ದರು. ಒಂದು ಹಳೆಯ ನಿಘಂಟನ್ನೂ ಕೊಟ್ಟರು, ಬೆನ್ನು ಕಿತ್ತುಹೋಗಿ ದಾರದಲ್ಲಿ ಹೊಲಿದದ್ದು. ಅವರಿಗೆ ಕಲಿಸುವುದೇ ಕಷ್ಟವಾಯಿತು.

"ನಿಂತ್ರಿ" ಎನ್ನುತ್ತಿದ್ದೆ ನಾನು. "ಈಗ ಮತ್ತೆ ನಿಂತ್ರಿ. ಅಲ್ಲೇನೈತೆ?"

"ಒಂದು ಅಕ್ಕಿ ಮುರಿದಿದೆ."

"ಮುರೀಲಿ. ನೀವ್ಯಾಕೆ ನೋಡ್ತೀರಾ?"

"ನೋಡದೇ ಹೇಗೆ ನೋಡೋದು ತಾಯಮ್ಮ?"

"ಏನೂ ಹುಡುಕ್ಬ್ಯಾಡಿ. ಕಲ್ಲಿಲ್ಲ ಅಂತ ಮೊದ್ಲೇ ತಿಳ್ಕಳಿ. ಇಲ್ಲ ಅಂದ್ಮೇಲೆ ಕಣ್ಣು ಯಾಕೆ ನಿಲ್ತದೆ?"

ಅವರು ಮಗುವಿನಂತೆ ಪ್ರಯತ್ನಪಟ್ಟರು. ತಿಂಗಳುಗಟ್ಟಲೆ ಕಳೆದರೂ ಪುಸ್ತಕ ಮುಂದಿಟ್ಟರೆ ಎರಡನೆಯ ಸಾಲಿಗೆ ತುಟಿಯ ಅಂಚಿನಲ್ಲಿ ನಗು ಬರುತ್ತಿತ್ತು, ಕಣ್ಣು ಹಿಂದಕ್ಕೆ ಓಡುತ್ತಿತ್ತು. ನನಗೆ ಆ ನಗು ನೋಡಿದರೆ ಒಳಗೊಳಗೇ ಆಸೆಯಾಗುತ್ತಿತ್ತು, ಹೊರಗೆ ಬೈಯುತ್ತಿದ್ದೆ.

ದೀಪಾವಳಿ ಕಳೆದು ಎರಡನೆಯ ಸೋಮವಾರ, ಹಾರದ ಜೊತೆ ನಿಘಂಟನ್ನೂ ಸೆರಗಿನಲ್ಲಿ ಮುಚ್ಚಿಕೊಂಡು ಬೋರ್ಡಿನ ಮುಂದೆ ನಿಂತೆ. ಮಧ್ಯಾಹ್ನ, ಗೇಟಿನಲ್ಲಿ ಯಾರೂ ಇರಲಿಲ್ಲ. ಮೊದಲ ಸಾಲಿನ ಮೇಲೆ ಬೆರಳಿಟ್ಟು ಒಂದೊಂದೇ ಅಕ್ಷರ ಬಾಯಿಬಿಟ್ಟು ಕೂಡಿಸಿದೆ. ಮ. ರಿ. ಸಿ. ದ್ದ. ಬಾಯಿಂದ ಬಂದ ಮೇಲೆ ತಿಳಿಯಿತು, ಹತ್ತೊಂಬತ್ತು ವರ್ಷ ಸಂಸಾರ ಮಾಡಿ ಒಮ್ಮೆಯೂ ಹೇಳದ ಹೆಸರನ್ನು ಹೇಳಿಬಿಟ್ಟಿದ್ದೆ. ನಾಲಿಗೆ ಕಚ್ಚಿಕೊಂಡೆ. ಯಾರೂ ಕೇಳಲಿಲ್ಲವಲ್ಲ ಎಂದು ಇನ್ನೊಂದು ಸಲವೂ ಹೇಳಿದೆ. ಖುಷಿಯಾಯಿತು. ಆ ಖುಷಿಯಲ್ಲೇ ಎರಡನೆಯ ಸಾಲಿಗೆ ಹೋದೆ. ನೀರಿನ ಜೊತೆ ಮೇಷ್ಟ್ರು ಕಲಿಸಿದ್ದ ಮಾತಿನಂಥದೇ ಒಂದು ಮಾತು ಅಲ್ಲಿತ್ತು. ನಿಘಂಟು ತೆಗೆದು ನೋಡಿದೆ.

ಸಂಜೆಯವರೆಗೆ ನಿಂತು ಪೂರ್ತಿ ಓದಿದೆ. ಮರಿಸಿದ್ದ. ಈತ ಕುಡಿದು ಕೆಲಸಕ್ಕೆ ಬಂದ. ಮುಟ್ಟಬಾರದ ಕೊಳವೆಯನ್ನು ಮುಟ್ಟಿದ. ತನ್ನ ತಪ್ಪಿನಿಂದ ತಾನೇ ಸತ್ತ. ನೀವು ಇವನಂತೆ ಆಗಬೇಡಿ. ಇದನ್ನು ಇವನ ಹೆಂಡತಿ ಓದಿ ಒಪ್ಪಿದ್ದಾಳೆ. ಅದರ ಕೆಳಗೆ ರುಜುವಿನ ಜಾಗದಲ್ಲಿ ಪೇಂಟರು ನನ್ನ ಹೆಸರನ್ನು ಇಂಗ್ಲಿಷಿನಲ್ಲಿ ಬರೆದಿದ್ದ. ಆವತ್ತು ತಂದಿದ್ದ ಹಾರವನ್ನು ಕಾಲುವೆಗೆ ಎಸೆದು ಬಂದೆ. ಮಿಲ್ಲಿನವರ ಮೇಲೆ ಬಂದ ಸಿಟ್ಟಿಗಿಂತ ನನ್ನ ಕಣ್ಣಿನ ಮೇಲೆ ಬಂದ ಹೇಸಿಗೆ ಹೆಚ್ಚು.

ಮೇಷ್ಟ್ರು ಚಾಪೆಯ ಮೇಲೆ ಕಾಯುತ್ತಿದ್ದರು. ನನ್ನ ಮುಖ ನೋಡಿಯೇ ತಲೆ ತಗ್ಗಿಸಿದರು.

"ದಿನಾ ಅದ್ರ ಮುಂದೇನೇ ಶಾಲೆಗೆ ಹೋಗ್ತಿದ್ರಿ" ಎಂದೆ.

"ಹೋಗ್ತಿದ್ದೆ."

"ನಾನು ಹೂ ಹಾಕೋದ ನೋಡ್ತಿದ್ರಿ."

"ನೋಡ್ತಿದ್ದೆ. ಶಾಲೆ ಕಟ್ಟಡ ಮಿಲ್ಲಿನವರದ್ದು ತಾಯಮ್ಮ. ನನ್ನ ಹತ್ರ ಕಲ್ತೋರು ಗಂಟು ಬಿದ್ಮೇಲೆ ತಮಗೆ ಇಂಗ್ಲಿಷ್ ಬರಲ್ಲ ಅಂತ್ಲೇ ನಂಬಿದಾರೆ, ಈ ಊರಲ್ಲಿ ಅದನ್ನ ಓದಿದೋನು ನಾನೊಬ್ನೇ. ನಾನು ಹೇಳ್ದೆ ಅಂತ ಗೊತ್ತಾಗೋದು." ತಲೆ ಎತ್ತಿ ಅಂದರು, "ಇನ್ನು ಹೆದರಲ್ಲ. ಓದಿ ರುಜು ಹಾಕಿದ ಕಾಗದ ಸುಳ್ಳು ಅಂತ ಮಾಡ್ಬೇಕಾದ್ರೆ ಗಂಟಿಲ್ಲದೋರು ಇನ್ನೊಬ್ರು ಬಂದು ಪೆಟ್ಟಿಗೆ ಮುಂದೆ ಓದಿ, ಯಾವ ಮಾತು ತಪ್ಪು ಅಂತ ಬೆರಳಿಟ್ಟು ತೋರಿಸ್ಬೇಕು. ಈಗ ನನ್ನ ಮಾತಿಗೆ ಬೆಲೆ ಇಲ್ಲ. ನನ್ನ ಗಂಟು ಬಿಡಿಸಿ. ಪಾಸಾದ ಮರುದಿನವೇ ಬಂದು ಓದ್ತೀನಿ. ಬೋರ್ಡು ಇಳಿಸೋಣ."

ಬೇರೆ ಯಾರನ್ನು ಕರೆಯಲಿ? ಮೇಲಿನ ಬೀದಿಯ ಗಂಟಿಲ್ಲದವರೆಲ್ಲ ನನ್ನ ಮೊರದ ಮುಂದೆ ತಯಾರಾದವರು. ಓದಬಲ್ಲವರು ಇವರೊಬ್ಬರೇ. ಆವತ್ತಿನಿಂದ ನಾನು ಮೇಷ್ಟ್ರಿಗೆ ಬಿಡುವು ಕೊಡಲಿಲ್ಲ. ಬೆಳಗ್ಗೆ ಶಾಲೆಗೆ ಮೊದಲು ಎರಡು ಗಂಟೆ, ಸಂಜೆ ಮೂರು ಗಂಟೆ. ಅಕ್ಕಿಯಲ್ಲಿ ಬೇಕೆಂದೇ ಕಲ್ಲು ಬೆರೆಸಿ, ಕಲ್ಲಿನ ಮೇಲೂ ಕಣ್ಣು ನಿಲ್ಲದ ಹಾಗೆ ಮಾಡಿದೆ. ಕಣ್ಣು ನಿಂತರೆ ಮೊಣಕೈಗೆ ಕಡ್ಡಿಯಲ್ಲಿ ಹೊಡೆಯುತ್ತಿದ್ದೆ, ಅವರೇ ಹೊಡೆಯಿರಿ ಎಂದಿದ್ದರು. ಆಮೇಲೆ ಅವರ ಪುಸ್ತಕಗಳನ್ನೇ ತರಿಸಿದೆ. ಎಲ್ಲಿ ನಗು ಬರುತ್ತದೋ ಆ ಪುಟಗಳನ್ನೇ ಆರಿಸಿ ದಿನಕ್ಕೆ ಇಪ್ಪತ್ತು ಸಲ ಓಡಿಸಿದೆ. ಪುಷ್ಯ ಮಾಸದ ಹೊತ್ತಿಗೆ ನಗು ನಿಂತಿತು. ನನಗೆ ಗೆದ್ದ ಹಾಗಾಯಿತು. ಒಂದು ದಿನ ಪುಟ ಮುಗಿಸಿದವರನ್ನು ತಮಾಷೆಗೆ, "ಕಥೆ ಏನ್ ಮೇಷ್ಟ್ರೇ?" ಎಂದು ಕೇಳಿದೆ. "ಯಾವ ಕಥೆ?" ಎಂದರು. ಆಯಾಸ ಎಂದುಕೊಂಡೆ.

ಪರೀಕ್ಷೆಯ ದಿನ ಇಬ್ಬರೂ ಒಟ್ಟಿಗೆ ಹೋದೆವು. ಮೇಷ್ಟ್ರು ಮೊದಲು ಕೂತರು. ಹೊರಗೆ ಬಂದ ಗೆರೆ ನನ್ನ ಮೊದಲ ಗೆರೆಗಿಂತ ನುಣುಪಾಗಿತ್ತು. ಫಣಿರಾಜ ಕುರ್ಚಿ ಬಿಟ್ಟು ಎದ್ದ. ನಂತರ ನಾನು. ಆರು ಸಾಲು ಅಕ್ಕಿ ಆರಿಸಿದ ಹಾಗೇ ಹೋದೆ. ಏಳನೆಯ ಸಾಲಿನಲ್ಲಿ, ಆ ಮನುಷ್ಯ ಅವತ್ತು ಮನೆಗೆ ಬರಲಿಲ್ಲ ಎಂದಿತ್ತು. ಕಣ್ಣು ನಿಂತುಹೋಯಿತು. ಯಾವ ಮನುಷ್ಯ ಎಂದು ಹಿಂದಕ್ಕೆ ಹೋದೆ. ಬಂದನೇನೋ ಎಂದು ಮುಂದಕ್ಕೆ ಓಡಿದೆ, ಮತ್ತೆ ಹಿಂದಕ್ಕೆ ಬಂದೆ. ಪೆಟ್ಟಿಗೆಯ ಮುಂದೆ ನಾನು ಮೊದಲ ಸಲ ಇಂಗ್ಲಿಷ್ ಓದಿದ್ದು ಅದಕ್ಕೆ ಕಂಡಿತು. ಗೆರೆಯ ತುಂಬ ಗಂಟು.

ಮರುವಾರವೇ ಬಾಗಿಲ ಮೇಲಿನ ಗೆರೆ ಇಳಿಸಿದರು. ಮೊಳೆಯನ್ನು ನಾನು ಕಿತ್ತು ಇಟ್ಟುಕೊಂಡೆ. ಕೆಳಗಿನ ಬೀದಿಯಲ್ಲಿ ಒಂದು ಕೋಣೆ ಸಿಕ್ಕಿತು. ಪಾಠಕ್ಕೆ ಬರುತ್ತಿದ್ದವರು ದಾರಿಯಲ್ಲಿ ಸಿಕ್ಕರೆ ಬೇರೆ ಕಡೆ ನೋಡಿಕೊಂಡು ಹೋದರು, ಅದೂ ಎಡದಿಂದ ಬಲಕ್ಕೆ. ನನಗೆ ಇದ್ಯಾವುದೂ ದೊಡ್ಡದೆನಿಸಲಿಲ್ಲ. ಮೇಷ್ಟ್ರು ಪಾಸಾಗಿದ್ದರು. ನಾನು ಗೆರೆ ಕಚೇರಿಗೆ ಹೋಗಿ ಬೋರ್ಡಿನಲ್ಲಿರುವುದು ಸುಳ್ಳು, ಇಳಿಸಿ ಎಂದೆ.

ಫಣಿರಾಜ ನನ್ನ ಹೊಸ ಗೆರೆಯನ್ನು ಮೇಜಿನ ಮೇಲೆ ಹರಡಿದ. "ಏನಮ್ಮ, ರುಜು ಹಾಕಿದಾಗ ನಿಮಗೆ ಓದಕ್ಕೆ ಬರ್ತಿತ್ತು, ಒಪ್ಪಿದ್ರಿ. ಈಗ ಬರಲ್ಲ. ಬರದೇ ಇರೋರು ಬಂದು ಅದರಲ್ಲಿ ಹೀಗೆ ಬರೆದಿದೆ ಅಂದ್ರೆ ನಾವು ನಂಬೋದು ಹೇಗೆ?"

"ನನ್ನ ನಂಬಬ್ಯಾಡಿ. ವಿರೂಪಾಕ್ಷ ಮೇಷ್ಟ್ರನ್ನ ಕರೆಸಿ, ಅವ್ರು ಓದ್ತಾರೆ."

ಮರುದಿನ ಬೆಳಗ್ಗೆ ಹತ್ತಕ್ಕೆ ಮಿಲ್ಲಿನ ಗೇಟಿಗೆ ಸಣ್ಣ ಪೆಟ್ಟಿಗೆ ತಂದರು. ಕೆಲಸದವರೆಲ್ಲ ಸುತ್ತ ನಿಂತರು. ಮೇಷ್ಟ್ರು ಹೇಳಿದ ಮಾತಿಗೆ ತಪ್ಪಲಿಲ್ಲ, ಒಗೆದ ಪಂಚೆ ಉಟ್ಟು ಬಂದರು. ನನ್ನನ್ನು ನೋಡಿ, "ಹೆದರಬೇಡಿ ತಾಯಮ್ಮ, ಓದೇ ಓದ್ತೀನಿ" ಎಂದರು. ಹಣೆಗೆ ಪಟ್ಟಿ ಕಟ್ಟಿಸಿಕೊಂಡು ಬೋರ್ಡಿನ ಮುಂದೆ ಕೂತರು. ಅವರ ಕಣ್ಣು ಎಡದಿಂದ ಬಲಕ್ಕೆ ಹೋಯಿತು. ಕೆಳಗಿನ ಸಾಲು, ಮತ್ತೆ ಎಡದಿಂದ ಬಲಕ್ಕೆ. ನಾನು ಅಷ್ಟು ಚೆನ್ನಾಗಿ ಬೇರೆ ಯಾರಿಗೂ ಕಲಿಸಿಲ್ಲ. ಗಂಟೆ ಬಾರಿಸಿತು.

"ಏನಿದೆ ಮೇಷ್ಟ್ರೇ?" ಎಂದ ಫಣಿರಾಜ.

"ಓದಾಯ್ತು" ಎಂದರು ಮೇಷ್ಟ್ರು.

"ತಪ್ಪೇನಾದ್ರೂ ಇದೆಯಾ?"

ಅವರು ಮತ್ತೊಮ್ಮೆ ನೋಡಿದರು. ಇನ್ನೊಮ್ಮೆ ನೋಡಿದರು. ಮೂರು ಸಲ ಗಂಟೆ ಬಾರಿಸಿತು. ಬೆವರು ಹಣೆಯ ಪಟ್ಟಿಯನ್ನು ದಾಟಿ ಇಳಿಯಿತು. ಹೆದರಿ ಸುಮ್ಮನಾದರು ಎಂದಿದ್ದರೆ ಬೈಯಬಹುದಿತ್ತು, ಉಗಿಯಬಹುದಿತ್ತು. ಅವರು ಹೆದರಿರಲಿಲ್ಲ, ಹುಡುಕುತ್ತಿದ್ದರು. ನಾನು ಮುಂದೆ ಹೋಗಿ ಎರಡನೆಯ ಸಾಲಿನ ಆ ಮಾತಿನ ಕೆಳಗೆ ಬೆರಳಿಟ್ಟೆ. "ಇಲ್ಲಿ ಮೇಷ್ಟ್ರೇ. ನೀವೇ ನಂಗೆ ಕಲಿಸಿದ್ದು. ಇಲ್ಲಿ ನಿಲ್ಲಿ." ಅವರ ಕಣ್ಣು ಆ ಮಾತನ್ನು ದಾಟಿತು, ನನ್ನ ಬೆರಳನ್ನೂ ದಾಟಿತು, ಸಾಲಿನ ಕೊನೆಗೆ ಹೋಗಿ ಕೆಳಗಿಳಿಯಿತು.

"ಇದೆ ತಾಯಮ್ಮ, ಎಲ್ಲ ಇದೆ" ಎಂದರು ಅವರು. "ಏನು ಅಂತ ಹಿಡಿಯಕ್ಕೆ ಆಗ್ತಿಲ್ಲ."

ಗಂಟಿಲ್ಲದ ಗೆರೆಯ ಮೇಷ್ಟ್ರು ನಾಲ್ಕು ಸಲ ಓದಿ ತಪ್ಪು ತೋರಿಸಲಿಲ್ಲ ಎಂದು ಫಣಿರಾಜ ಬರೆದುಕೊಂಡ. ಸುತ್ತ ನಿಂತವರಿಗೆ ಸಮಾಧಾನವಾಯಿತು. ಯಜಮಾನರ ಜೊತೆ ತೊಟ್ಟಿಯ ಮೇಲೆ ಕೆಲಸ ಮಾಡಿದವನೊಬ್ಬ, ಒಳ್ಳೆಯವನೇ, ಮೊದಲೇ ತಂದಿಟ್ಟಿದ್ದ ಸೇವಂತಿಗೆ ಹಾರವನ್ನು ಬೋರ್ಡಿಗೆ ಹಾಕಿ ಕಣ್ಣಿಗೊತ್ತಿಕೊಂಡ. ನಾನು ಆ ಹಾರವನ್ನು ಕಿತ್ತು ನೆಲಕ್ಕೆ ಹಾಕಿದೆ. "ಮರಿಸಿದ್ದ ಕುಡೀತಿರ್‍ಲಿಲ್ಲ" ಎಂದು ಅಷ್ಟು ಜನರ ಮುಂದೆ ಹೇಳಿದೆ. ನಾನು ಹೇಳಿದ್ದು ಯಾರಿಗೂ ಕೇಳಿಸಲಿಲ್ಲ, ಗಂಡನ ಹೆಸರು ಹಿಡಿದದ್ದು ಮಾತ್ರ ಕೇಳಿಸಿತು. ಹೆಂಗಸರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಈಗಲೂ ಸೋಮವಾರ ಸೋಮವಾರ ಬೋರ್ಡಿಗೆ ಹೂ ಬೀಳುತ್ತದೆ, ಕೆಲಸದವರು ಚಂದಾ ಎತ್ತಿ ತರುತ್ತಾರೆ. ನಾನು ನಿಘಂಟು ಹಿಡಿದು ದೂರದಲ್ಲಿ ನಿಂತಿರುತ್ತೇನೆ, ಅವರು ನನ್ನನ್ನು ಹತ್ತಿರ ಬಿಡುವುದಿಲ್ಲ. ಸತ್ತ ಗಂಡನ ಮೇಲಿನ ಹೂ ಕಿತ್ತವಳು ಎಂದು ಊರಲ್ಲಿ ಈಗ ನನ್ನ ಹೆಸರು.